ಮಂದಗತಿಯ ಕಂಪ್ಯೂಟರೂ ರಿಜಿಸ್ಟ್ರಿಯ ಶುದ್ಧೀಕರಣವೂ

ಔಷಧದ ಹೆಸರನ್ನು ಮೊದಲು ಕೇಳಿ, ರೋಗದ ಹೆಸರನ್ನು ಆಮೇಲೆ ವಿಚಾರಿಸುವುದು ಮನುಷ್ಯನಿಗೆ ಬಹುಕಾಲದಿಂದ ಅಂಟಿಕೊಂಡು ಬಂದಿರುವ ಅಭ್ಯಾಸ. ದೇಹದ ವಿಷಯದಲ್ಲಿ ಈ ಅಭ್ಯಾಸವನ್ನು ವೈದ್ಯರು ಅಷ್ಟಿಷ್ಟು ತಿದ್ದಿದ್ದಾರೆ. ಯಂತ್ರದ ವಿಷಯದಲ್ಲಿ ಅದು ಇನ್ನೂ ಹಾಗೆಯೇ ಉಳಿದಿದೆ. ನಾಲ್ಕೈದು ವರ್ಷ ದುಡಿದ ಕಂಪ್ಯೂಟರೊಂದು ಮಂದಗತಿಗೆ ಇಳಿಯಿತೆಂದರೆ, ಅದು ಏತಕ್ಕೆ ಮಂದವಾಯಿತೆಂದು ಕೇಳುವವರು ವಿರಳ. ‘ರಿಜಿಸ್ಟ್ರಿ ಕ್ಲೀನರುಗಳಲ್ಲಿ ಯಾವುದು ಒಳ್ಳೆಯದು?’ ಎಂದು ಕೇಳುವವರು ಹೇರಳ. ತರಗತಿ ಮುಗಿದ ಮೇಲೆ ವಿದ್ಯಾರ್ಥಿಗಳು ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. ನನ್ನ ಉತ್ತರ ಚಿಕ್ಕದು: ಯಾವುದೂ ಬೇಡ. ಆದರೆ ವಿಜ್ಞಾನದ ವಿದ್ಯಾರ್ಥಿಗೆ ಉತ್ತರವಷ್ಟೇ ಸಾಲದು, ಕಾರಣವೂ ಬೇಕು. ಆ ಕಾರಣವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ರಿಜಿಸ್ಟ್ರಿ ಎಂದರೇನೆಂಬುದನ್ನು ನೋಡೋಣ. ಇದು ವಿಂಡೋಸ್ ವ್ಯವಸ್ಥೆಯಿಂದ ನಡೆಯುವ ಕಂಪ್ಯೂಟರುಗಳಲ್ಲಿ ಇರತಕ್ಕದ್ದು. ಲಿನಕ್ಸ್ ವ್ಯವಸ್ಥೆಯಲ್ಲಿ ಇಂಥದೊಂದು ಇಲ್ಲ. ಹಿಂದೆ ಹಳ್ಳಿಯ ಶಾನುಭೋಗರ ಬಳಿ ದಫ್ತರವೊಂದು ಇರುತ್ತಿತ್ತು. ಯಾವ ಜಮೀನು ಯಾರದು, ಅದರ ಕಂದಾಯವೆಷ್ಟು ಎಂಬುದೆಲ್ಲ ಅದರಲ್ಲಿ ದಾಖಲಾಗಿರುತ್ತಿತ್ತು. ರಿಜಿಸ್ಟ್ರಿಯು ಕಂಪ್ಯೂಟರಿನ ಅಂಥ ದಫ್ತರ. ಯಾವ ಬಗೆಯ ಕಡತವನ್ನು ಯಾವ ತಂತ್ರಾಂಶ ತೆರೆಯಬೇಕು, ಜೋಡಿಸಿರುವ ಪ್ರಿಂಟರು ಯಾವುದು, ಯಂತ್ರ ಎಚ್ಚೆತ್ತೊಡನೆ ಯಾವ ಯಾವ ತಂತ್ರಾಂಶಗಳು ತಾವಾಗಿ ಏಳಬೇಕು ಎಂಬಂಥ ಲಕ್ಷಾಂತರ ನಮೂದುಗಳು ಅದರಲ್ಲಿ ಅಡಕವಾಗಿರುತ್ತವೆ. ೧೯೯೨ರಲ್ಲಿ ವಿಂಡೋಸ್ ೩.೧ರೊಡನೆ ಇದು ಚಿಕ್ಕ ರೂಪದಲ್ಲಿ ಕಾಣಿಸಿಕೊಂಡಿತು. ೧೯೯೫ರ ವಿಂಡೋಸ್ ೯೫ರಲ್ಲಿ ಇಡೀ ವ್ಯವಸ್ಥೆಯ ಬೆನ್ನೆಲುಬಾಯಿತು. ಅದಕ್ಕೆ ಮುಂಚೆ ಪ್ರತಿಯೊಂದು ತಂತ್ರಾಂಶವೂ ತನ್ನ ಲೆಕ್ಕವನ್ನು ಅಲ್ಲಲ್ಲಿ ಚದರಿದ ಸಣ್ಣಪುಟ್ಟ ಕಡತಗಳಲ್ಲಿ ಇಟ್ಟುಕೊಳ್ಳುತ್ತಿತ್ತು. ಅವನ್ನೆಲ್ಲ ಒಂದೆಡೆ ಕೂಡಿಸಿ ಕ್ರಮಪಡಿಸಿದ್ದೇ ರಿಜಿಸ್ಟ್ರಿ.

ಶುದ್ಧೀಕರಣದ ತಂತ್ರಾಂಶವನ್ನು ಮಾರುವವರ ವಾದ ಎರಡು ಭಾಗಗಳುಳ್ಳದ್ದು. ತಂತ್ರಾಂಶವೊಂದನ್ನು ತೆಗೆದುಹಾಕಿದಾಗ ಅದರ ಕೆಲವು ನಮೂದುಗಳು ರಿಜಿಸ್ಟ್ರಿಯಲ್ಲಿ ಹಾಗೆಯೇ ಉಳಿದುಬಿಡುತ್ತವೆ ಎಂಬುದು ಮೊದಲನೆಯ ಭಾಗ. ಇದು ನಿಜ. ಹೀಗೆ ಉಳಿದ ಕಸವೇ ಕಂಪ್ಯೂಟರನ್ನು ನಿಧಾನಗೊಳಿಸುತ್ತದೆ ಎಂಬುದು ಎರಡನೆಯ ಭಾಗ. ಇದು ನಿಜವಲ್ಲ. ನಿಜವಾದ ಮಾತಿನ ಬೆನ್ನಿಗೆ ಸುಳ್ಳು ಮಾತನ್ನು ಕಟ್ಟಿದರೆ, ಮೊದಲನೆಯದರ ಮೇಲಿನ ನಂಬಿಕೆ ಎರಡನೆಯದಕ್ಕೂ ಹರಿಯುತ್ತದೆ. ಆದುದರಿಂದ ಈ ಎರಡನೆಯ ಭಾಗವನ್ನು ಬೇರೆಯಾಗಿ ತೆಗೆದು ಪರೀಕ್ಷಿಸಬೇಕು.

ಒಂದು ದೃಷ್ಟಾಂತವನ್ನು ತೆಗೆದುಕೊಳ್ಳೋಣ. ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು ೭೦,೦೦೦ ಶಬ್ದಗಳುಂಟು. ಅದರಲ್ಲಿ ಒಂದು ಶಬ್ದವನ್ನು ಹುಡುಕಬೇಕಾದಾಗ ನಾವು ಮೊದಲ ಪುಟದಿಂದ ಓದುತ್ತ ಹೋಗುವುದಿಲ್ಲ. ನಡುವೆ ತೆರೆಯುತ್ತೇವೆ, ಬೇಕಾದ ಶಬ್ದ ಹಿಂದಿದೆಯೋ ಮುಂದಿದೆಯೋ ನೋಡುತ್ತೇವೆ, ಆ ಅರ್ಧವನ್ನು ಮತ್ತೆ ನಡುವೆ ತೆರೆಯುತ್ತೇವೆ. ಹೀಗೆ ಪ್ರತಿ ಸಲವೂ ಹುಡುಕಬೇಕಾದ ಭಾಗ ಅರೆಯಾಗುತ್ತ ಹೋಗುವುದರಿಂದ, ಹೆಚ್ಚೆಂದರೆ ೧೭ ಹೆಜ್ಜೆಗಳಲ್ಲಿ ಶಬ್ದ ಸಿಕ್ಕಲೇಬೇಕು. ಎರಡನ್ನು ೧೬ ಸಲ ಗುಣಿಸಿದರೆ ೬೫,೫೩೬. ೧೭ ಸಲ ಗುಣಿಸಿದರೆ ೧,೩೧,೦೭೨. ೭೦,೦೦೦ ಎಂಬುದು ಇವೆರಡರ ನಡುವಣ ಸಂಖ್ಯೆ. ಈಗ ಯಾರೋ ಒಬ್ಬರು ಬಂದು, ‘ಇದರಲ್ಲಿ ಬಳಕೆ ತಪ್ಪಿದ ನೂರು ಶಬ್ದಗಳಿವೆ, ಅವನ್ನು ಕತ್ತರಿಸಿಹಾಕಿದರೆ ನಿಮ್ಮ ಹುಡುಕಾಟ ಚುರುಕಾಗುತ್ತದೆ’ ಎಂದರೆನ್ನಿ. ಉಳಿಯುವುದು ೬೯,೯೦೦ ಶಬ್ದ. ಹೆಜ್ಜೆಗಳು ಆಗಲೂ ೧೭ ಬೇಕು. ಒಂದೇ ಒಂದು ಹೆಜ್ಜೆಯನ್ನು ಉಳಿಸಬೇಕಾದರೂ ನಾಲ್ಕು ಸಾವಿರಕ್ಕೂ ಹೆಚ್ಚು ಶಬ್ದಗಳನ್ನು ಕಿತ್ತೊಗೆಯಬೇಕು.

ರಿಜಿಸ್ಟ್ರಿಯ ಏರ್ಪಾಡೂ ಇದೇ ತೆರನಾದುದು. ಅದು ಕೊಂಬೆರೆಂಬೆಗಳುಳ್ಳ ಮರದ ಹಾಗೆ ಕವಲೊಡೆದಿದೆ. ಪ್ರತಿಯೊಂದು ಕವಲಿನಲ್ಲಿಯೂ ಕೀಲಿಗಳ ಹೆಸರುಗಳು ಅನುಕ್ರಮವಾಗಿ ಜೋಡಿಸಲ್ಪಟ್ಟಿವೆ. ಯಾವ ತಂತ್ರಾಂಶವೂ ರಿಜಿಸ್ಟ್ರಿಯನ್ನು ಆದಿಯಿಂದ ಅಂತ್ಯದವರೆಗೆ ಪಾರಾಯಣ ಮಾಡುತ್ತ ಕೂರುವುದಿಲ್ಲ. ತನಗೆ ಬೇಕಾದ ಕವಲನ್ನು ಹಿಡಿದು ನೇರವಾಗಿ ಅಲ್ಲಿಗೆ ಹೋಗುತ್ತದೆ. ಪಕ್ಕದ ಕೊಂಬೆಯಲ್ಲಿ ಒಣಗಿದ ಎಲೆ ನೂರಿದ್ದರೂ ಸಾವಿರವಿದ್ದರೂ ಅದಕ್ಕೆ ಗೊಡವೆಯಿಲ್ಲ.

ಗಾತ್ರದ ಲೆಕ್ಕವನ್ನೂ ಹಾಕಿ ನೋಡಬಹುದು. ಶುದ್ಧೀಕರಣ ತಂತ್ರಾಂಶವು ಒಂದು ಸಾವಿರ ನಮೂದುಗಳನ್ನು ಅಳಿಸಿತೆಂದು ಇಟ್ಟುಕೊಳ್ಳಿ. ಒಂದೊಂದಕ್ಕೆ ೨೦೦ ಬೈಟ್ ಎಂದು ಹಿಡಿದರೆ ಒಟ್ಟು ಉಳಿತಾಯ ೨ ಲಕ್ಷ ಬೈಟ್. ಸಾಧಾರಣವಾದ ಹಾರ್ಡ್ ಡಿಸ್ಕು ಸಾಲಾಗಿ ಓದುವಾಗ ಸೆಕೆಂಡಿಗೆ ಸುಮಾರು ೧೦ ಕೋಟಿ ಬೈಟುಗಳನ್ನು ಓದಬಲ್ಲದು. ಈ ೨ ಲಕ್ಷವನ್ನು ಓದಲು ಅದಕ್ಕೆ ಬೇಕಾಗುವ ಕಾಲ ಸೆಕೆಂಡಿನ ಐನೂರರಲ್ಲಿ ಒಂದು ಭಾಗ. ಏಳುವುದಕ್ಕೆ ಒಂದೂವರೆ ನಿಮಿಷ ತೆಗೆದುಕೊಳ್ಳುವ ಯಂತ್ರಕ್ಕೆ ಈ ಉಳಿತಾಯದಿಂದ ಆಗುವ ಲಾಭವೇನೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಹಾಗಾದರೆ ಈ ಕಲ್ಪನೆ ಹುಟ್ಟಿದ್ದಾದರೂ ಎಲ್ಲಿಂದ? ನ್ಯಾಯವಾಗಿ ಹೇಳಬೇಕಾದರೆ, ಅದಕ್ಕೊಂದು ಕಾಲದಲ್ಲಿ ತಕ್ಕಮಟ್ಟಿನ ಆಧಾರವಿತ್ತು. ವಿಂಡೋಸ್ ೯೫ ಕೇವಲ ೪ ಮೆಗಾಬೈಟ್ ನೆನಪಿನ ಯಂತ್ರದಲ್ಲಿಯೂ ನಡೆಯಬೇಕಾಗಿತ್ತು. ವಿಂಡೋಸ್ ೨೦೦೦ದವರೆಗಿನ ಎನ್‌ಟಿ ಪರಂಪರೆಯಲ್ಲಿ ರಿಜಿಸ್ಟ್ರಿಯ ಗಾತ್ರಕ್ಕೆ ಒಂದು ಮಿತಿಯನ್ನೂ ಕಟ್ಟಿದ್ದರು. ಜಾಗ ಇಕ್ಕಟ್ಟಾಗಿದ್ದಾಗ ಕಸ ಗುಡಿಸುವುದಕ್ಕೆ ಅರ್ಥವುಂಟು. ಮೈಕ್ರೋಸಾಫ್ಟ್ ಸಂಸ್ಥೆಯೇ ೧೯೯೦ರ ದಶಕದಲ್ಲಿ ರೆಗ್‌ಕ್ಲೀನ್ ಎಂಬ ಉಪಕರಣವೊಂದನ್ನು ಹಂಚಿತ್ತು. ಅನಂತರ ಅದನ್ನು ಹಿಂತೆಗೆದುಕೊಂಡಿತು. ೨೦೦೧ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಆ ಗಾತ್ರದ ಮಿತಿ ಹೋಯಿತು. ಈಗಿನ ೪ ಗಿಗಾಬೈಟಿನ ಬಡ ಯಂತ್ರದಲ್ಲಿಯೂ ಅಂದಿನ ಆ ಯಂತ್ರದ ಸಾವಿರ ಪಟ್ಟು ನೆನಪುಂಟು. ಕಾರಣ ತೀರಿಹೋದರೂ ಆಚಾರ ಉಳಿದುಕೊಂಡಿತು. ರಿಜಿಸ್ಟ್ರಿ ಶುದ್ಧೀಕರಣದ ತಂತ್ರಾಂಶಗಳ ಬಳಕೆಯನ್ನು ತಾನು ಬೆಂಬಲಿಸುವುದಿಲ್ಲವೆಂದು ಮೈಕ್ರೋಸಾಫ್ಟ್ ಸಂಸ್ಥೆಯೇ ಸ್ಪಷ್ಟವಾಗಿ ತಿಳಿಸಿದೆ.

ಇನ್ನು ಕಂಪ್ಯೂಟರು ನಿಜವಾಗಿ ನಿಧಾನವಾಗುವುದು ಎಲ್ಲಿ? ಇಲ್ಲಿ ಭೌತಶಾಸ್ತ್ರ ನಮ್ಮ ನೆರವಿಗೆ ಬರುವುದು. ಹಳೆಯ ಲ್ಯಾಪ್‌ಟಾಪುಗಳ ಹಾರ್ಡ್ ಡಿಸ್ಕು ಸಾಮಾನ್ಯವಾಗಿ ನಿಮಿಷಕ್ಕೆ ೫,೪೦೦ ಸುತ್ತು ತಿರುಗುವ ಲೋಹ ಅಥವಾ ಗಾಜಿನ ತಟ್ಟೆ. ಎಂದರೆ ಸೆಕೆಂಡಿಗೆ ೯೦ ಸುತ್ತು. ಒಂದು ಸುತ್ತಿಗೆ ಸುಮಾರು ೧೧ ಮಿಲಿಸೆಕೆಂಡು. ಬೇಕಾದ ಮಾಹಿತಿ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಅದಕ್ಕೂ ಮೊದಲು ಆ ಮುಳ್ಳು ಸರಿಯಾದ ಪಥಕ್ಕೆ ಸರಿಯಬೇಕು. ಎಲ್ಲ ಸೇರಿ ಒಂದು ಸಲದ ಓದಿಗೆ ಸುಮಾರು ೧೫ ಮಿಲಿಸೆಕೆಂಡು ತಗಲುವುದು. ರ್ಯಾಮ್ ಎಂಬ ತಾತ್ಕಾಲಿಕ ನೆನಪಿನಿಂದ ಓದಲು ಬೇಕಾಗುವ ಕಾಲವಾದರೋ ಸೆಕೆಂಡಿನ ಒಂದು ಕೋಟಿಯ ಒಂದು ಭಾಗದಷ್ಟು. ಈ ಅಂತರ ಮನಸ್ಸಿಗೆ ಹಿಡಿಸಬೇಕಾದರೆ ರ್ಯಾಮ್‌ನ ಓದಿಗೆ ಒಂದು ಸೆಕೆಂಡು ಹಿಡಿಯಿತೆಂದು ಕಲ್ಪಿಸಿಕೊಳ್ಳಿ. ಆ ಪ್ರಮಾಣದಲ್ಲಿ ಹಾರ್ಡ್ ಡಿಸ್ಕಿನ ಓದಿಗೆ ೪೧ ಗಂಟೆ ೪೦ ನಿಮಿಷ ಬೇಕಾದೀತು. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಗೆ, ಒಂದು ಓದಿಗೆ ಸೆಕೆಂಡಿನ ಹತ್ತು ಸಾವಿರದ ಒಂದು ಭಾಗವೆಂದು ಹಿಡಿದರೂ, ೧೬ ನಿಮಿಷ ೪೦ ಸೆಕೆಂಡು ಸಾಕು.

ರ್ಯಾಮ್ ಸಾಲದೆ ಹೋದಾಗ ವ್ಯವಸ್ಥೆಯು ಅದರಲ್ಲಿರುವುದನ್ನು ಡಿಸ್ಕಿಗೆ ಸಾಗಿಸಿ, ಬೇಕಾದಾಗ ಮತ್ತೆ ತರಿಸಿಕೊಳ್ಳುತ್ತದೆ. ಆಗ ಒಂದು ಸೆಕೆಂಡಿನ ಕೆಲಸ ೪೧ ಗಂಟೆಯ ಕೆಲಸವಾಗುವುದು. ಕಂಪ್ಯೂಟರು ತೆವಳುವುದಕ್ಕೆ ಅತಿ ಸಾಮಾನ್ಯವಾದ ಕಾರಣ ಇದೇ. ಬ್ರೌಸರಿನಲ್ಲಿ ಮೂವತ್ತು ಪುಟಗಳನ್ನು ಏಕಕಾಲದಲ್ಲಿ ತೆರೆದಿಡುವುದು, ಯಂತ್ರ ಎಚ್ಚೆತ್ತೊಡನೆ ಹತ್ತಾರು ತಂತ್ರಾಂಶಗಳು ಕರೆಯದೆ ಬಂದು ಕೂರುವುದು ಇವೆಲ್ಲ ಈ ಇಕ್ಕಟ್ಟನ್ನು ಹೆಚ್ಚಿಸುತ್ತವೆ. ಇನ್ನೊಂದು ಕಾರಣ ಧೂಳು. ಪ್ರೊಸೆಸರಿನಲ್ಲಿ ವ್ಯಯವಾಗುವ ಶಕ್ತಿಯು ಅದರ ಆವೃತ್ತಿಗೂ ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುವುದು. ಆ ಶಕ್ತಿಯೆಲ್ಲ ಶಾಖವಾಗಿ ಹೊರಬೀಳಲೇಬೇಕು. ಫ್ಯಾನಿನ ಗೂಡಿನಲ್ಲಿ ಧೂಳು ಮೆತ್ತಿಕೊಂಡು ಶಾಖ ಹೊರಹೋಗದಿದ್ದರೆ, ಪ್ರೊಸೆಸರು ತನ್ನನ್ನು ಕಾಪಾಡಿಕೊಳ್ಳುವುದಕ್ಕಾಗಿ ಆವೃತ್ತಿಯನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಬೇಸಿಗೆಯಲ್ಲಿ ಮಂದವಾಗಿ ಮಳೆಗಾಲದಲ್ಲಿ ಚುರುಕಾಗುವ ಯಂತ್ರವೇನಾದರೂ ವಾಚಕರ ಬಳಿ ಇದ್ದರೆ, ಅವರು ಮೊದಲು ಸಂದೇಹಪಡಬೇಕಾದುದು ಧೂಳನ್ನು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂದು ನಮ್ಮಲ್ಲೊಂದು ಗಾದೆಯುಂಟು. ಡಿಸ್ಕಿನಲ್ಲಿಯೂ ನೆನಪಿನಲ್ಲಿಯೂ ಧೂಳಿನಲ್ಲಿಯೂ ಇರುವ ರೋಗಕ್ಕೆ ರಿಜಿಸ್ಟ್ರಿಯ ಮೈಮೇಲೆ ಬರೆಯೆಳೆಯುವುದನ್ನು ಕಂಡಾಗ ಆ ಗಾದೆ ನೆನಪಾಗದಿರದು.

ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕಾದುದು ಇನ್ನೊಂದಿದೆ. ಇಂಥ ತಂತ್ರಾಂಶವನ್ನು ನಡೆಸಿದೊಡನೆ ಕೆಂಬಣ್ಣದಲ್ಲಿ ಒಂದು ಸಂಖ್ಯೆ ಮೂಡುತ್ತದೆ: ‘೧,೨೪೭ ದೋಷಗಳು ಕಂಡುಬಂದಿವೆ’ ಎಂದೋ ಏನೋ. ಪ್ರಯೋಗಶಾಲೆಯಲ್ಲಿ ಮಾನವಿಲ್ಲದ ಸಂಖ್ಯೆಯನ್ನು ಬರೆದರೆ ನಾವು ಅಂಕ ಕಳೆಯುತ್ತೇವೆ. ‘ಉದ್ದ ೧೨’ ಎಂದರೆ ಮೀಟರೋ ಮಿಲಿಮೀಟರೋ ಎಂದು ಕೇಳುತ್ತೇವೆ. ಈ ೧,೨೪೭ ಎಂಬುದರ ಮಾನ ಯಾವುದು? ಒಂದು ದೋಷದಿಂದ ಎಷ್ಟು ಸೆಕೆಂಡು ನಷ್ಟ? ದೋಷವೆಂದರೆ ಏನೆಂದು ನಿಶ್ಚಯಿಸಿದವರು ಯಾರು? ಎಣಿಸುವವನೂ ಅವನೇ, ಹಣ ಪಡೆಯುವವನೂ ಅವನೇ ಆದಾಗ ಎಣಿಕೆ ಯಾವ ಕಡೆಗೆ ಬಾಗುವುದೆಂದು ಹೇಳಬೇಕಾಗಿಲ್ಲ.

ಇದು ಬರಿಯ ಅನುಮಾನದ ಮಾತಲ್ಲ. ಅಮೆರಿಕದಲ್ಲಿ ಆಫೀಸ್ ಡಿಪೋ ಎಂಬ ಅಂಗಡಿಗಳಲ್ಲಿ ಗ್ರಾಹಕರ ಕಂಪ್ಯೂಟರುಗಳನ್ನು ಪರೀಕ್ಷಿಸಲು ಒಂದು ತಂತ್ರಾಂಶವನ್ನು ಬಳಸುತ್ತಿದ್ದರು. ಯಂತ್ರ ನಿಧಾನವಾಗಿದೆಯೇ ಎಂಬಂಥ ನಾಲ್ಕು ಪ್ರಶ್ನೆಗಳನ್ನು ಆರಂಭದಲ್ಲಿ ಕೇಳಲಾಗುತ್ತಿತ್ತು. ಯಾವುದಾದರೂ ಒಂದಕ್ಕೆ ಹೌದೆಂದು ಗುರುತು ಹಾಕಿದರೆ ಸಾಕು, ಯಂತ್ರದಲ್ಲಿ ಏನಿದ್ದರೂ ಇಲ್ಲದಿದ್ದರೂ, ಹಾನಿಕಾರಕ ತಂತ್ರಾಂಶದ ಲಕ್ಷಣಗಳು ಸಿಕ್ಕಿವೆಯೆಂದು ಫಲಿತಾಂಶ ಬರುತ್ತಿತ್ತು ಎಂಬುದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಹೊರಿಸಿದ ಆರೋಪ. ೨೦೧೯ರ ಮಾರ್ಚ್ ತಿಂಗಳಲ್ಲಿ ಆ ಸಂಸ್ಥೆಯೂ ತಂತ್ರಾಂಶವನ್ನು ಒದಗಿಸಿದ ಸಪೋರ್ಟ್ ಡಾಟ್ ಕಾಮ್ ಸಂಸ್ಥೆಯೂ ಒಟ್ಟು ೩ ಕೋಟಿ ೫೦ ಲಕ್ಷ ಡಾಲರು ತೆತ್ತು ವ್ಯಾಜ್ಯವನ್ನು ಬಗೆಹರಿಸಿಕೊಳ್ಳಲು ಒಪ್ಪಿದವು. ೨೦೨೪ರ ಮಾರ್ಚ್‌ನಲ್ಲಿ ಇಂಥದೇ ಆರೋಪದ ಮೇಲೆ ರೆಸ್ಟೋರೋ ಮತ್ತು ರೀಇಮೇಜ್ ಎಂಬ ಸಂಸ್ಥೆಗಳು ೨ ಕೋಟಿ ೬೦ ಲಕ್ಷ ಡಾಲರು ತೆರಲು ಒಪ್ಪಿದವು. ಮೈಕ್ರೋಸಾಫ್ಟ್ ಸಂಸ್ಥೆಯು ೨೦೧೮ರ ಮಾರ್ಚ್ ೧ರಿಂದ, ಬೆದರಿಸುವ ಉತ್ಪ್ರೇಕ್ಷೆಯ ಸಂದೇಶಗಳಿಂದ ಹಣ ಕೀಳುವ ಶುದ್ಧೀಕರಣ ತಂತ್ರಾಂಶಗಳನ್ನು ಅನಪೇಕ್ಷಿತ ತಂತ್ರಾಂಶವೆಂದೇ ಪರಿಗಣಿಸಿ ತೆಗೆದುಹಾಕಲು ತೊಡಗಿತು.

‘ಪ್ರಯೋಜನವಾಗದಿದ್ದರೆ ಬೇಡ, ಅಪಾಯವೇನೂ ಇಲ್ಲವಷ್ಟೆ?’ ಎಂದು ಕೆಲವರು ಕೇಳಬಹುದು. ಅಪಾಯವುಂಟು. ಒಂದು ನಮೂದು ಸೂಚಿಸುವ ಕಡತ ಈಗ ಸಿಕ್ಕದಿದ್ದರೆ ಆ ನಮೂದು ನಿರುಪಯೋಗವೆಂದು ಶುದ್ಧೀಕರಣ ತಂತ್ರಾಂಶ ತೀರ್ಮಾನಿಸುವುದುಂಟು. ಆದರೆ ಆ ಕಡತ ಇನ್ನೊಂದು ಡಿಸ್ಕಿನಲ್ಲಿ ಇದ್ದು, ಆ ಡಿಸ್ಕನ್ನು ಆ ಹೊತ್ತಿಗೆ ಜೋಡಿಸದೆ ಇದ್ದಿರಬಹುದು. ಮನೆಯ ಯಜಮಾನ ಪರವೂರಿಗೆ ಹೋಗಿದ್ದಾನೆಂದು ಶಾನುಭೋಗರು ಅವನ ಹೆಸರನ್ನೇ ಖಾತೆಯಿಂದ ಹೊಡೆದುಹಾಕಿದರೆ ಹೇಗೋ ಹಾಗೆ. ಒಂದು ನಮೂದು ಬೇಕೋ ಬೇಡವೋ ಎಂಬುದು ಅದನ್ನು ಬರೆದ ತಂತ್ರಾಂಶಕ್ಕೆ ಗೊತ್ತು; ಹೊರಗಿನವನು ಮಾಡುವುದು ಊಹೆ. ಸಾವಿರ ಊಹೆಗಳಲ್ಲಿ ಒಂದು ತಪ್ಪಿದರೂ ಪ್ರಿಂಟರು ಕೆಲಸ ನಿಲ್ಲಿಸಬಹುದು, ಯಂತ್ರವೇ ಏಳದಿರಬಹುದು. ವಿಂಡೋಸ್ ವ್ಯವಸ್ಥೆಯು ಹಿಂದೆ ರಿಜಿಸ್ಟ್ರಿಯ ನಕಲೊಂದನ್ನು ತಾನಾಗಿ ತೆಗೆದಿಡುತ್ತಿತ್ತು. ೨೦೧೮ರಲ್ಲಿ ಬಂದ ವಿಂಡೋಸ್ ೧೦ರ ಆವೃತ್ತಿಯಿಂದ ಆ ಪದ್ಧತಿಯನ್ನು ನಿಲ್ಲಿಸಲಾಗಿದೆ. ಪರೀಕ್ಷೆಗೆ ಮುನ್ನ ಪ್ರಾಜೆಕ್ಟಿನ ವರದಿ ಆ ಯಂತ್ರದೊಳಗೇ ಸಿಕ್ಕಿಕೊಂಡ ವಿದ್ಯಾರ್ಥಿಯ ಪಾಡೇನು? ಮನೆಗೆಲ್ಲ ಒಂದೇ ಕಂಪ್ಯೂಟರಿದ್ದು, ಅದೂ ಕಷ್ಟಪಟ್ಟು ಕೊಂಡದ್ದಾದರೆ ಈ ಪ್ರಶ್ನೆ ಇನ್ನಷ್ಟು ತೀವ್ರವಾದುದು.

ಮತ್ತೊಂದು ಅಪಾಯ ನಂಬಿಕೆಗೆ ಸಂಬಂಧಪಟ್ಟದ್ದು. ಶುದ್ಧೀಕರಣ ತಂತ್ರಾಂಶಕ್ಕೆ ನಾವು ಯಂತ್ರದ ಮೇಲೆ ಸಂಪೂರ್ಣ ಅಧಿಕಾರ ಕೊಡುತ್ತೇವೆ. ೨೦೧೭ರಲ್ಲಿ ಬಹು ಪ್ರಸಿದ್ಧವಾದ ಸಿಕ್ಲೀನರ್‌ನ ೫.೩೩ನೆಯ ಆವೃತ್ತಿಯೊಳಕ್ಕೆ, ತಯಾರಕರಿಗೇ ತಿಳಿಯದಂತೆ, ದುಷ್ಕರ್ಮಿಗಳು ಹಾನಿಕಾರಕ ಸಂಕೇತಗಳನ್ನು ಸೇರಿಸಿಬಿಟ್ಟಿದ್ದರು. ಸೆಪ್ಟೆಂಬರ್ ತಿಂಗಳಲ್ಲಿ ಸಂಗತಿ ಬಯಲಾಗುವ ಹೊತ್ತಿಗೆ ಅದು ೨೨ ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳನ್ನು ಸೇರಿತ್ತು. ತಯಾರಕರು ತಪ್ಪನ್ನು ಸರಿಪಡಿಸಿದರೆಂಬುದು ಬೇರೆ ಮಾತು. ಅಗತ್ಯವಿಲ್ಲದ ಕೆಲಸಕ್ಕಾಗಿ ಮನೆಯ ಬೀಗದ ಕೈಯನ್ನು ಇನ್ನೊಬ್ಬರಿಗೆ ಒಪ್ಪಿಸಬೇಕೆ ಎಂಬುದೇ ಇಲ್ಲಿ ಪ್ರಶ್ನೆ.

ಇಷ್ಟಾದರೂ, ‘ನಮ್ಮ ಯಂತ್ರ ಶುದ್ಧೀಕರಣದ ಮೇಲೆ ಚುರುಕಾಯಿತು’ ಎನ್ನುವವರು ಇದ್ದೇ ಇದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಶುದ್ಧೀಕರಣ ಮುಗಿದ ಮೇಲೆ ಯಂತ್ರವನ್ನು ರೀಸ್ಟಾರ್ಟ್ ಮಾಡುವುದು ವಾಡಿಕೆ. ಎಷ್ಟೋ ದಿನಗಳಿಂದ ಬರಿದೆ ಮುಚ್ಚಿ ತೆರೆಯುತ್ತಿದ್ದ ಯಂತ್ರ ರೀಸ್ಟಾರ್ಟ್ ಆದಾಗ ನೆನಪೆಲ್ಲ ತೆರವಾಗಿ ಲವಲವಿಕೆ ಬರುವುದು ಸಹಜ. ವಿಂಡೋಸ್ ೮ರಿಂದ ಈಚೆಗೆ ಸಾಧಾರಣವಾದ ಶಟ್‌ಡೌನ್‌ನಲ್ಲಿ ವ್ಯವಸ್ಥೆಯ ಒಳತಿರುಳು ಪೂರ್ತಿ ಮುಚ್ಚದೆ ಡಿಸ್ಕಿನಲ್ಲಿ ಉಳಿದುಕೊಳ್ಳುವ ಏರ್ಪಾಡುಂಟು. ರೀಸ್ಟಾರ್ಟ್‌ನಲ್ಲಿ ಮಾತ್ರ ಎಲ್ಲವೂ ಹೊಸದಾಗಿ ಆರಂಭವಾಗುವುದು. ಎರಡು ಕಾರಣಗಳು ಒಟ್ಟಿಗೆ ನಡೆದಾಗ ಫಲವನ್ನು ನಮಗಿಷ್ಟವಾದುದಕ್ಕೆ ಸಲ್ಲಿಸುವುದು ತರ್ಕವಲ್ಲ.

ಸತ್ಯವನ್ನು ತಿಳಿಯಲು ಬೆಲೆಬಾಳುವ ಉಪಕರಣ ಬೇಕಾಗಿಲ್ಲ. ಕೈಫೋನಿನಲ್ಲಿರುವ ಸ್ಟಾಪ್‌ವಾಚು ಸಾಕು. ಯಂತ್ರವನ್ನು ಐದು ಸಲ ರೀಸ್ಟಾರ್ಟ್ ಮಾಡಿ, ಪ್ರತಿ ಸಲವೂ ಅದು ಕೆಲಸಕ್ಕೆ ಸಿದ್ಧವಾಗುವವರೆಗಿನ ಕಾಲವನ್ನು ಬರೆದಿಡಿ. ೯೨, ೮೫, ೯೭, ೮೮, ೯೩ ಸೆಕೆಂಡುಗಳು ಬಂದವೆಂದು ಇಟ್ಟುಕೊಳ್ಳಿ. ಸರಾಸರಿ ೯೧, ಆದರೆ ಅತಿ ಕಡಿಮೆಗೂ ಅತಿ ಹೆಚ್ಚಿಗೂ ನಡುವೆ ೧೨ ಸೆಕೆಂಡುಗಳ ಹರವಿದೆ. ಏನೂ ಮಾಡದೆ ಇದ್ದಾಗಲೂ ಇಷ್ಟು ಏರಿಳಿತವಿರುವಲ್ಲಿ, ಒಂದೇ ಸಲ ಅಳೆದು ‘ಐದು ಸೆಕೆಂಡು ಉಳಿಯಿತು’ ಎನ್ನುವುದಕ್ಕೆ ಬೆಲೆಯಿಲ್ಲ. ಒಂದು ಬಾರಿಗೆ ಒಂದನ್ನೇ ಬದಲಾಯಿಸಿ, ಮತ್ತೆ ಐದು ಸಲ ಅಳೆಯಿರಿ. ಲೋಲಕದ ಪ್ರಯೋಗದಲ್ಲಿ ಕಲಿತ ಪಾಠವೇ ಇದು.

ರಿಜಿಸ್ಟ್ರಿಯನ್ನು ಎಂದೂ ಮುಟ್ಟಲೇಕೂಡದೆಂದು ನನ್ನ ಅಭಿಪ್ರಾಯವಲ್ಲ. ಹಾನಿಕಾರಕ ತಂತ್ರಾಂಶವೊಂದು ತನ್ನನ್ನು ಎಬ್ಬಿಸುವ ನಮೂದನ್ನು ಅಲ್ಲಿ ಬರೆದಿದ್ದರೆ ಅದನ್ನು ತೆಗೆಯಲೇಬೇಕು. ಅರ್ಧಂಬರ್ಧ ತೆಗೆದ ತಂತ್ರಾಂಶವೊಂದು ಹೊಸ ಆವೃತ್ತಿಗೆ ಅಡ್ಡಿಯಾದಾಗಲೂ ಹಾಗೆಯೇ. ಆದರೆ ಅದು ಗೊತ್ತಾದ ರೋಗಕ್ಕೆ, ಗೊತ್ತಾದ ಜಾಗದಲ್ಲಿ, ನಕಲು ತೆಗೆದಿಟ್ಟುಕೊಂಡು ಬಲ್ಲವರು ಮಾಡುವ ಶಸ್ತ್ರಚಿಕಿತ್ಸೆ. ಕಣ್ಣುಮುಚ್ಚಿ ಸಾವಿರ ಕಡೆ ಕತ್ತಿಯಾಡಿಸುವುದಕ್ಕೂ ಇದಕ್ಕೂ ಹೋಲಿಕೆಯಿಲ್ಲ.

ಮಂದಗತಿಯ ಯಂತ್ರವುಳ್ಳವರು ಹೀಗೆ ಮಾಡಬಹುದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರನ್ನು ತೆರೆಯಿರಿ. ಪ್ರೊಸೆಸರು, ನೆನಪು, ಡಿಸ್ಕು ಇವುಗಳಲ್ಲಿ ಯಾವುದು ನೂರರ ಸಮೀಪದಲ್ಲಿ ನಿಂತಿದೆಯೆಂದು ನೋಡಿರಿ. ಅಲ್ಲಿಯೇ ಸ್ಟಾರ್ಟಪ್ ಎಂಬ ಪಟ್ಟಿಯಲ್ಲಿ, ಕರೆಯದೆ ಏಳುವ ತಂತ್ರಾಂಶಗಳನ್ನು ತಡೆಹಿಡಿಯಬಹುದು. ಇದಕ್ಕೆ ಕಾಸಿನ ಖರ್ಚಿಲ್ಲ. ಡಿಸ್ಕು ತುಂಬಿದ್ದರೆ ಬೇಡವಾದ ಕಡತಗಳನ್ನು ತೆಗೆಯಿರಿ. ಧೂಳನ್ನು ತೆಗೆಸಿರಿ. ಯಂತ್ರದಲ್ಲಿ ಇನ್ನೂ ತಿರುಗುವ ಡಿಸ್ಕಿದ್ದರೆ, ವರ್ಷವರ್ಷವೂ ಶುದ್ಧೀಕರಣಕ್ಕೆ ಚಂದಾ ತೆರುವ ಹಣವನ್ನು ಕೂಡಿಟ್ಟು ಒಂದು ಎಸ್‌ಎಸ್‌ಡಿಯನ್ನು ಹಾಕಿಸಿರಿ. ಸಾಧ್ಯವಾದರೆ ರ್ಯಾಮ್ ಹೆಚ್ಚಿಸಿರಿ. ವಿಂಡೋಸ್ ೧೦ರ ಸಾಮಾನ್ಯ ಬೆಂಬಲ ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿದಿದೆ. ಹೊಸ ವಿಂಡೋಸಿಗೆ ಒಗ್ಗದ ಹಳೆಯ ಯಂತ್ರಗಳಿಗೆ ಲಿನಕ್ಸ್ ಹಾಕಿ ಇನ್ನೂ ಕೆಲವು ವರ್ಷ ದುಡಿಸಿಕೊಳ್ಳುವ ದಾರಿಯೂ ಉಂಟು.

ಯಾವ ಶುದ್ಧೀಕರಣ ತಂತ್ರಾಂಶ ಒಳ್ಳೆಯದೆಂಬ ಪ್ರಶ್ನೆಯೊಳಗೆ, ಅದು ಬೇಕೇ ಬೇಕೆಂಬ ಒಪ್ಪಿಗೆ ಆಗಲೇ ಅಡಗಿ ಕೂತಿದೆ. ಮಾರುವವನಿಗೆ ಬೇಕಾದುದು ಆ ಒಪ್ಪಿಗೆಯೇ. ಉಳಿದದ್ದು ಬರಿಯ ಚೌಕಾಶಿ. ಮೊದಲು ಅಳೆಯುವುದು, ಆಮೇಲೆ ಕಾರಣವನ್ನು ಹುಡುಕುವುದು, ಕಡೆಗೆ ಮದ್ದನ್ನು ಆರಿಸುವುದು ಎಂಬ ಕ್ರಮವನ್ನು ವಿದ್ಯಾರ್ಥಿಗಳು ತಮ್ಮ ಕಂಪ್ಯೂಟರಿನ ಮುಂದೆ ಕುಳಿತು ರೂಢಿಸಿಕೊಂಡರೆ, ಅದು ಕಂಪ್ಯೂಟರಿಗಷ್ಟೇ ಅಲ್ಲದೆ ಮುಂದೆ ಅವರು ಕೊಳ್ಳಲಿರುವ, ನಂಬಲಿರುವ ಎಷ್ಟೋ ವಸ್ತುಗಳಿಗೂ ಅನ್ವಯಿಸೀತು.